ಹತ್ತು ನಿಮಿಷಕ್ಕಾಗಿ ಎರಡು ವರ್ಷ

1944ರ ಮೇ ತಿಂಗಳು. ಇಂಗ್ಲೆಂಡಿನ ನೈಋತ್ಯ ಭಾಗದ ಎಕ್ಸೆಟರ್ ಪಟ್ಟಣದ ಅಂಚಿನಲ್ಲಿ ಕೌಂಟೆಸ್ ವೇರ್ ಎಂಬ ಜಾಗವಿದೆ. ಅಲ್ಲಿ ಒಂದು ನದಿ, ಪಕ್ಕದಲ್ಲೇ ಒಂದು ಕಾಲುವೆ, ಎರಡಕ್ಕೂ ಒಂದೊಂದು ಸೇತುವೆ. ಹಲವು ದಿನ, ಹಗಲು ರಾತ್ರಿ ಎನ್ನದೆ, ಸೈನಿಕರ ಒಂದು ಕಂಪನಿ ಆ ಸೇತುವೆಗಳ ಮೇಲೆ ನುಗ್ಗುತ್ತಲೇ ಇತ್ತು. ಒಂದು ಸಲ ನುಗ್ಗಿ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಮೇಜರ್ ಜಾನ್ ಹೋವರ್ಡ್ ಹೊಸ ಲೆಕ್ಕ ಕೊಡುತ್ತಿದ್ದ. ಈ ಸಲ ಮೂರನೆಯ ಗ್ಲೈಡರ್ ಮೊದಲು ಇಳಿದಿದೆ ಅಂದುಕೊಳ್ಳಿ. ಈ ಸಲ ಮೊದಲನೆಯದು ಬರಲೇ ಇಲ್ಲ. ಈ ಸಲ ಆರರಲ್ಲಿ ಇಳಿದದ್ದು ಒಂದೇ ಒಂದು, ಆ ಒಂದರಲ್ಲಿರುವ ಇಪ್ಪತ್ತೆಂಟು ಜನವೇ ಎಲ್ಲ ಕೆಲಸವನ್ನೂ ಮಾಡಬೇಕು. ಮತ್ತೆ ಶುರು.

ಯಾವ ದೇಶದ ಯಾವ ಸೇತುವೆಗಾಗಿ ಈ ತಾಲೀಮು ಎಂಬುದು ಸೈನಿಕರಿಗೆ ಗೊತ್ತಿರಲಿಲ್ಲ. ಪ್ಲಟೂನುಗಳ ಲೆಫ್ಟಿನೆಂಟರಿಗೂ ಗೊತ್ತಿರಲಿಲ್ಲ. ಹೋವರ್ಡ್‌ಗೆ ಮಾತ್ರ ಗೊತ್ತಿತ್ತು. ಮೇ 2ರಂದು ಬ್ರಿಗೇಡಿಯರ್ ನೈಜೆಲ್ ಪೋಯೆಟ್ ಅವನ ಕೈಗೆ ಆದೇಶ ಕೊಟ್ಟಿದ್ದರು: ಫ್ರಾನ್ಸಿನ ನಾರ್ಮಂಡಿಯಲ್ಲಿ, ಬೆನೂವಿಲ್ ಹಳ್ಳಿಯ ಬಳಿ ಕಾನ್ ಕಾಲುವೆಯ ಸೇತುವೆ, ರಾನ್‌ವಿಲ್ ಬಳಿ ಓರ್ನ್ ನದಿಯ ಸೇತುವೆ. ಎರಡನ್ನೂ ಮುರಿಯದಂತೆ ಕೈವಶ ಮಾಡಿಕೊಳ್ಳಬೇಕು, ಬದಲಿ ಪಡೆ ಬರುವತನಕ ಬಿಟ್ಟುಕೊಡಬಾರದು. ಹೆಚ್ಚುಕಡಿಮೆ ಒಂದು ತಿಂಗಳು ಈ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಬದುಕುವುದೇ ಒಂದು ಶಿಕ್ಷೆಯಾಗಿದ್ದಿರಬೇಕು.

ಈ ಎರಡು ಸೇತುವೆಗಳಿಗೆ ಅಷ್ಟು ಬೆಲೆ ಬಂದದ್ದೇಕೆ ಎಂಬುದಕ್ಕೆ ನಕ್ಷೆ ನೋಡಬೇಕು. ಜೂನ್ 6ರ ಬೆಳಗ್ಗೆ ಮಿತ್ರಪಡೆಗಳು ನಾರ್ಮಂಡಿಯ ಐದು ಕಡಲತೀರಗಳಲ್ಲಿ ಇಳಿಯಬೇಕಿತ್ತು. ಅವುಗಳಲ್ಲಿ ಪೂರ್ವದ ಕೊನೆಯದು ಬ್ರಿಟಿಷರ ಪಾಲಿನ ‘ಸೋರ್ಡ್’ ತೀರ. ಅದರ ಎಡಮಗ್ಗುಲಲ್ಲಿ ಓರ್ನ್ ನದಿಯೂ, ಕಾನ್ ಪಟ್ಟಣದಿಂದ ಸಮುದ್ರಕ್ಕೆ ಹೋಗುವ ಕಾಲುವೆಯೂ ಅರ್ಧ ಕಿಲೋಮೀಟರಿನಷ್ಟು ಅಂತರದಲ್ಲಿ ಜೊತೆಜೊತೆಯಾಗಿ ಹರಿಯುತ್ತವೆ. ನದಿಯ ಪೂರ್ವಕ್ಕೆ ಬ್ರಿಟಿಷರ 6ನೇ ಏರ್‌ಬೋರ್ನ್ ಡಿವಿಜನ್ ರಾತ್ರೋರಾತ್ರಿ ಇಳಿಯಬೇಕಿತ್ತು. ಆ ದಿಕ್ಕಿನಿಂದ ಜರ್ಮನ್ ಟ್ಯಾಂಕುಗಳು ತೀರಕ್ಕೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಸೇತುವೆಗಳು ಜರ್ಮನರ ಕೈಯಲ್ಲೇ ಉಳಿದರೆ ಟ್ಯಾಂಕುಗಳು ನೇರ ತೀರಕ್ಕೆ. ಜರ್ಮನರು ಅವನ್ನು ಸ್ಫೋಟಿಸಿಬಿಟ್ಟರೆ ಆ ಇಡೀ ಡಿವಿಜನ್ನಿನ ಬೆನ್ನಿಗೆ ಎರಡು ನೀರು, ಮದ್ದುಗುಂಡೂ ಬರದು, ಸಹಾಯವೂ ಬರದು. ಹಿಡಿದರೆ ಸಾಲದು, ಇಡಿಯಾಗಿ ಹಿಡಿಯಬೇಕು. ಕಾವಲುಗಾರ ಸ್ಫೋಟಕದ ಗುಂಡಿಯವರೆಗೆ ಓಡುವುದಕ್ಕೆ ಎಷ್ಟು ಹೊತ್ತು ಬೇಕೋ, ದಾಳಿಗೆ ಇರುವುದೂ ಅಷ್ಟೇ ಹೊತ್ತು.

ಪ್ಯಾರಾಚೂಟಿನಲ್ಲಿ ಹಾರುವವರು ಮೈಲಿಗಟ್ಟಲೆ ಚದುರಿ ಬೀಳುತ್ತಾರೆ. ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವಷ್ಟರಲ್ಲಿ ಸೇತುವೆ ಇರುವುದಿಲ್ಲ. ಗ್ಲೈಡರ್ ಹಾಗಲ್ಲ. ಪ್ಲೈವುಡ್ಡಿನ ಆ ಎಂಜಿನ್ ಇಲ್ಲದ ವಿಮಾನ ಒಂದು ಇಡೀ ಪ್ಲಟೂನನ್ನು, ಬಂದೂಕು ಕೈಯಲ್ಲಿರುವಂತೆಯೇ, ಒಂದೇ ಜಾಗದಲ್ಲಿ ಸದ್ದಿಲ್ಲದೆ ಇಳಿಸಬಲ್ಲದು. ಇದನ್ನು ಜಗತ್ತಿಗೆ ತೋರಿಸಿದವರು ಜರ್ಮನರೇ. 1940ರ ಮೇ 10ರಂದು ಬೆಲ್ಜಿಯಮ್ಮಿನ ಎಬೆನ್ ಎಮಾಯೆಲ್ ಕೋಟೆಯ ನೆತ್ತಿಯ ಮೇಲೆ ಅವರು ಗ್ಲೈಡರುಗಳನ್ನು ಇಳಿಸಿದರು. ನೂರಕ್ಕೂ ಕಡಿಮೆ ಜನ, ಎದುರಿಗೆ ಸಾವಿರಾಳು ಹಿಡಿಯುವ ಕೋಟೆ. ಆ ದಾಳಿಯ ಒಂದು ಸಂಗತಿಯ ಬಗ್ಗೆ ಸೈನಿಕ ಚರಿತ್ರೆ ಬರೆಯುವವರು ಇನ್ನಷ್ಟು ಮಾತಾಡಬೇಕಿತ್ತು ಎಂದು ನನಗೆ ಅನಿಸುತ್ತದೆ. ದಾಳಿಯ ನಾಯಕ ಲೆಫ್ಟಿನೆಂಟ್ ರುಡಾಲ್ಫ್ ವಿಟ್ಸಿಗ್‌ನ ಗ್ಲೈಡರ್ ಹಗ್ಗ ಹರಿದು ಜರ್ಮನಿಯಲ್ಲೇ ಇಳಿದುಬಿಟ್ಟಿತ್ತು. ನಾಯಕನೇ ಇಲ್ಲದೆ, ಸಾರ್ಜೆಂಟ್ ಹೆಲ್ಮುಟ್ ವೆಂಜೆಲ್‌ನ ಕೈಕೆಳಗೆ ದಾಳಿ ನಡೆಯಿತು, ಗೆದ್ದಿತು. ವಿಟ್ಸಿಗ್ ಇನ್ನೊಂದು ಗ್ಲೈಡರಿನಲ್ಲಿ ಬಂದು ಸೇರುವ ಹೊತ್ತಿಗೆ ಮುಖ್ಯ ಕೆಲಸ ಮುಗಿದಿತ್ತು. ಅವನು ತನ್ನ ತಂಡವನ್ನು ಎಂಥ ನಾಯಕನಾಗಿ ಕಟ್ಟಿದ್ದ ಎಂಬುದಕ್ಕೆ ಅವನು ಇಲ್ಲದಾಗ ನಡೆದದ್ದೇ ಸಾಕ್ಷಿ.

ಹೋವರ್ಡ್ ಕೂಡ ಅದೇ ಜಾತಿಯ ನಾಯಕ. ಆದರೆ ಅವನು ನಡೆದು ಬಂದ ದಾರಿ ಬ್ರಿಟಿಷ್ ಸೇನೆಯ ಮೇಜರ್‌ಗಳಲ್ಲಿ ಬಹುಪಾಲು ಜನ ಕಂಡಿದ್ದ ದಾರಿಯಲ್ಲ. 1912ರಲ್ಲಿ ಲಂಡನ್ನಿನ ಬಡ ಕುಟುಂಬದಲ್ಲಿ, ಒಂಬತ್ತು ಮಕ್ಕಳಲ್ಲಿ ಹಿರಿಯನಾಗಿ ಹುಟ್ಟಿದವನು. ಅಪ್ಪ ಮದ್ಯ ತಯಾರಿಸುವ ಕಂಪನಿಗೆ ಪೀಪಾಯಿ ಕಟ್ಟುತ್ತಿದ್ದ. ಮಗ ಷೇರು ದಳ್ಳಾಳಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಕೆಲಸ ಹೋಯಿತು, ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿದ. ಕಾರ್ಪೋರಲ್ ಆಗಿ, ಅಂದರೆ ನಮ್ಮ ಸೇನೆಯ ನಾಯಕ್ ದರ್ಜೆಯಲ್ಲಿ, 1938ರಲ್ಲಿ ಹೊರಬಿದ್ದು ಆಕ್ಸ್‌ಫರ್ಡ್ ಪಟ್ಟಣದ ಪೊಲೀಸ್ ಪೇದೆಯಾದ. ಯುದ್ಧ ಶುರುವಾದಾಗ ಮತ್ತೆ ಕರೆ ಬಂತು. ಅಲ್ಲಿಂದ ಮೇಲೇರಿದ ವೇಗ ಬೆರಗು ಹುಟ್ಟಿಸುವಂಥದ್ದು: ಕೆಲವೇ ತಿಂಗಳಲ್ಲಿ ರೆಜಿಮೆಂಟಿನ ಸಾರ್ಜೆಂಟ್ ಮೇಜರ್, ಆಮೇಲೆ ಅಧಿಕಾರಿ. ಆಕ್ಸ್‌ಫರ್ಡ್‌ಶೈರ್ ಅಂಡ್ ಬಕಿಂಗ್‌ಹ್ಯಾಮ್‌ಶೈರ್ ಲೈಟ್ ಇನ್‌ಫೆಂಟ್ರಿಯ ಅಧಿಕಾರಿಗಳ ಮೆಸ್ಸಿನಲ್ಲಿ ಮೊದಮೊದಲು ಇವನನ್ನು ಮಾತಾಡಿಸುವವರು ಇರಲಿಲ್ಲ. ಕೆಳಗಿನಿಂದ ಬಂದವನೆಂಬ ಅಸಡ್ಡೆ. ಅವಮಾನ ಸಹಿಸಿದ. 1942ರಲ್ಲಿ ಆ ರೆಜಿಮೆಂಟಿನ ಒಂದು ಬೆಟಾಲಿಯನ್ ಗ್ಲೈಡರ್ ಪಡೆಯಾದಾಗ ಕ್ಯಾಪ್ಟನ್ ಪದವಿ ಬಿಟ್ಟುಕೊಟ್ಟು ಲೆಫ್ಟಿನೆಂಟನಾಗಿ ಅದಕ್ಕೆ ಸೇರಿದ. ಬೇಗನೆ ಮೇಜರ್ ಆಗಿ ಅದರ ‘ಡಿ’ ಕಂಪನಿಯ ಯಜಮಾನನಾದ.

ಅಲ್ಲಿಂದ ಎರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಓಡಿಸಿದ, ನಡೆಸಿದ, ಆಡಿಸಿದ. ಆಟವೆಂದರೆ ಅವನಿಗೆ ಹುಚ್ಚು. ಕಂಪನಿಯಲ್ಲಿ ಸುಮ್ಮನೆ ಕೂರುವ ಹೊತ್ತೇ ಇರದಂತೆ ನೋಡಿಕೊಂಡ. 1942ರ ಬೇಸಿಗೆಯಲ್ಲಿ ಡೆವನ್ ತೀರದ ಇಲ್‌ಫ್ರಕೂಮ್‌ನಲ್ಲಿ ಬಂಡೆ ಹತ್ತುವ ತರಬೇತಿ ಮುಗಿದ ಮೇಲೆ ಬುಲ್‌ಫರ್ಡ್ ಶಿಬಿರಕ್ಕೆ ಮರಳಲು ಬೆನ್ನ ಮೇಲೆ ಹೊರೆ ಹೊತ್ತು ಸುಮಾರು 130 ಮೈಲಿ ನಡೆದರು. ಮಳೆ, ಸೆಕೆ, ಕಾಲಿನ ಬೊಬ್ಬೆ. ಅದೆಲ್ಲ ಬೇರೆ ಕಂಪನಿಗಳೂ ಮಾಡಿಯಾವು. ಹೋವರ್ಡ್ ಮಾಡಿದ ಬೇರೆಯದೇ ಒಂದು ಕೆಲಸವಿದೆ: ಅವನು ರಾತ್ರಿಯನ್ನು ಹಗಲು ಮಾಡಿದ. ಗ್ಲೈಡರ್ ಪಡೆ ಯಾವಾಗ ಇಳಿದರೂ ಕತ್ತಲಲ್ಲೇ ಇಳಿಯುವುದು ಎಂದು ಲೆಕ್ಕ ಹಾಕಿ, ವಾರಗಟ್ಟಲೆ ಇಡೀ ಕಂಪನಿಯನ್ನು ರಾತ್ರಿ ಎಂಟಕ್ಕೆ ಎಬ್ಬಿಸುತ್ತಿದ್ದ. ಎದ್ದು ಓಟ, ತಿಂಡಿ, ಕವಾಯತು, ಬಂದೂಕು, ಕಚೇರಿ ಕೆಲಸ ಎಲ್ಲ ಕತ್ತಲಲ್ಲಿ. ನಿದ್ದೆ ಮರುದಿನದ ಹಗಲಿನಲ್ಲಿ. ಕತ್ತಲಲ್ಲಿ ಮನುಷ್ಯನಿಗೆ ಹುಟ್ಟುವ ಭಯ ಅಭ್ಯಾಸದಿಂದ ಮಾತ್ರ ಸಾಯುತ್ತದೆ. ಆ ಕಂಪನಿಯ ಹುಡುಗರಿಗೆ ಕತ್ತಲು ಕೊನೆಗೆ ತಮ್ಮದೇ ಮನೆಯ ಹಿತ್ತಿಲಿನಂತಾಯಿತು.

ಇಷ್ಟು ಬಿಗಿಯಾದ ಮನುಷ್ಯನನ್ನು ಎಲ್ಲರೂ ಪ್ರೀತಿಸಿದರೆಂದು ಹೇಳಲಾರೆ. ಆದರೆ ಅವನು ಆರಿಸಿದ ಜನರನ್ನು ನೋಡಿ. ಕಂಪನಿಯಲ್ಲಿ ಡೆನ್ ಬ್ರದರಿಜ್ ಎಂಬ ಕಾರ್ಪೋರಲ್ ಇದ್ದ, ಒಳ್ಳೆಯ ಫುಟ್ಬಾಲ್ ಆಟಗಾರ. ಅಧಿಕಾರಿಯ ತರಬೇತಿಗೆ ಹೋಗೆಂದು ಬೆನ್ನುಬಿದ್ದು ಕಳುಹಿಸಿದವನು ಹೋವರ್ಡ್. ಲೆಫ್ಟಿನೆಂಟನಾಗಿ ಮರಳಿ ಬಂದ ಮೇಲೂ ಬ್ರದರಿಜ್ ಸಂಜೆ ಸಿಪಾಯಿಗಳ ಕೋಣೆಗೆ ಹೋಗಿ ಯಾರದ್ದೋ ಮಂಚದ ಮೇಲೆ ಕೂತು ಫುಟ್ಬಾಲಿನ ಮಾತಾಡುತ್ತಿದ್ದ. ಆ ಕಾಲದ ಬ್ರಿಟಿಷ್ ಸೇನೆಯಲ್ಲಿ ಇದು ಅಪರೂಪ. ಅಧಿಕಾರಿಗೂ ಸಿಪಾಯಿಗೂ ನಡುವಿನ ಗೋಡೆ ಎಷ್ಟು ಎತ್ತರವೆಂದು ಎರಡೂ ಕಡೆ ನಿಂತು ನೋಡಿದ್ದ ಹೋವರ್ಡ್‌ಗೆ, ಅದನ್ನು ದಾಟಬಲ್ಲವನ ಬೆಲೆ ಗೊತ್ತಿತ್ತು. ಮುಂಚೂಣಿಯ ಪ್ಲಟೂನನ್ನು ಬ್ರದರಿಜ್‌ಗೇ ಕೊಟ್ಟ.

ಕೌಂಟೆಸ್ ವೇರ್‌ನ ತಾಲೀಮಿನ ಗುಟ್ಟು ಇಲ್ಲಿದೆ. ಆರು ಗ್ಲೈಡರುಗಳು, ಸೇತುವೆಗೆ ಮೂರು ಮೂರರಂತೆ. ಕಂಪನಿಯ ನಾಲ್ಕು ಪ್ಲಟೂನುಗಳ ಜೊತೆಗೆ ‘ಬಿ’ ಕಂಪನಿಯಿಂದ ಪಡೆದ ಎರಡು, ಸ್ಫೋಟಕ ತೆಗೆಯಲು ಸೇನಾ ಎಂಜಿನಿಯರುಗಳು, ಪೈಲಟ್‌ಗಳು, ಒಬ್ಬ ವೈದ್ಯ, ಎಲ್ಲ ಸೇರಿ 181 ಜನ. ಮೊದಲು ಇಳಿದವರು ಬಂಕರಿನೊಳಗೆ ಗ್ರೆನೇಡ್ ಹಾಕಿ ಸೇತುವೆ ದಾಟಬೇಕು, ಎರಡನೆಯವರು ಈಚೆ ದಡದ ಕಂದಕಗಳನ್ನು ಬಳಿದುಹಾಕಬೇಕು, ಮೂರನೆಯವರು ಆಚೆ ದಡಕ್ಕೆ ಬಲ ಸೇರಿಸಬೇಕು. ಯಾರು ಮೊದಲು, ಯಾರು ಮೂರನೆಯವರು ಎಂಬುದು ಇಳಿಯುವ ಗಳಿಗೆಯವರೆಗೆ ಯಾರಿಗೂ ತಿಳಿಯದು. ಹಾಗಾಗಿ ಪ್ರತಿಯೊಂದು ಪ್ಲಟೂನೂ ಉಳಿದ ಐದರ ಕೆಲಸವನ್ನೂ ಕಲಿಯಿತು. ಕತ್ತಲಲ್ಲಿ ತಮ್ಮವರೇ ತಮ್ಮವರಿಗೆ ಗುಂಡಿಡದಂತೆ ಪ್ರತಿ ಪ್ಲಟೂನಿಗೂ ಒಂದೊಂದು ಕೂಗು: ಏಬಲ್, ಬೇಕರ್, ಚಾರ್ಲಿ. ಓಡುತ್ತಾ ಅದನ್ನೇ ಕೂಗಬೇಕು.

ಮೇ ಕೊನೆಗೆ ಟ್ಯಾರಂಟ್ ರಷ್ಟನ್ ವಿಮಾನ ನಿಲ್ದಾಣದ ಮುಳ್ಳುತಂತಿಯ ಬೇಲಿಯೊಳಗೆ ಸೇರಿದ ಮೇಲೆ ಹೋವರ್ಡ್ ತನ್ನ ಜನಕ್ಕೆ ಎಲ್ಲವನ್ನೂ ಬಿಚ್ಚಿಟ್ಟ. ಒಂದು ಗುಡಿಸಲಿನಲ್ಲಿ ಬೆನೂವಿಲ್‌ನ ದೊಡ್ಡ ಮಾದರಿ ಕಟ್ಟಿಟ್ಟಿದ್ದರು: ಪ್ರತಿ ಮರ, ಪ್ರತಿ ಕಂದಕ, ಪ್ರತಿ ಮನೆ. ವಿಮಾನದಿಂದ ತೆಗೆದ ಹೊಸ ಚಿತ್ರ ಬಂದ ಹಾಗೆಲ್ಲ ಅದನ್ನು ತಿದ್ದುತ್ತಿದ್ದರು. ಚಿತ್ರಗಳಿಗಿಂತ ಒಳಗಿನ ಸುದ್ದಿಯೂ ಇತ್ತು. ಸೇತುವೆಯ ಪಕ್ಕದಲ್ಲೇ ಕೆಫೆ ಇಟ್ಟುಕೊಂಡಿದ್ದ ಜಾರ್ಜ್ ಮತ್ತು ತೆರೇಸ್ ಗಾಂಡ್ರೆ ದಂಪತಿ ಫ್ರೆಂಚ್ ಪ್ರತಿರೋಧ ಚಳವಳಿಗೆ ಮಾಹಿತಿ ಕೊಡುತ್ತಿದ್ದರು. ಅಲ್ಸಾಸ್ ಸೀಮೆಯ ತೆರೇಸ್‌ಗೆ ಜರ್ಮನ್ ಬರುತ್ತದೆಂದು ಅವಳ ಕೆಫೆಯಲ್ಲಿ ಕೂತು ಹರಟುತ್ತಿದ್ದ ಜರ್ಮನ್ ಸಿಪಾಯಿಗಳಿಗೆ ತಿಳಿದಿರಲಿಲ್ಲ. ಸ್ಫೋಟಕದ ಗುಂಡಿ ಯಾವ ಬಂಕರಿನಲ್ಲಿದೆ ಎಂಬ ಸುದ್ದಿ ಹೋದದ್ದು ಅವಳ ಕಿವಿಯಿಂದ.

ಹೊರಡುವ ಕೆಲವು ದಿನ ಮುಂಚೆ ಬಂದ ಚಿತ್ರಗಳಲ್ಲಿ, ಗ್ಲೈಡರ್ ಇಳಿಯಬೇಕಾದ ಹೊಲದಲ್ಲೇ ಸಾಲುಸಾಲು ಗುಳಿಗಳು ಕಂಡವು. ಗ್ಲೈಡರುಗಳನ್ನು ಸೀಳಲು ನೆಡುವ ಕಂಬಗಳಿಗಾಗಿ ತೋಡಿದ ಗುಳಿಗಳು. ಗುಟ್ಟು ಬಯಲಾಯಿತೆಂದು ಹೋವರ್ಡ್‌ನ ಜೀವ ಹಾರಿಹೋಯಿತು. ಮೊದಲ ಗ್ಲೈಡರಿನ ಪೈಲಟ್, ಸ್ಟಾಫ್ ಸಾರ್ಜೆಂಟ್ ಜಿಮ್ ವಾಲ್‌ವರ್ಕ್, ಇದಕ್ಕೆ ಸಂತೋಷಪಟ್ಟ. ಹೊಲದ ಕೊನೆಗೆ ದಿಬ್ಬವಿದೆ, ಭಾರ ಜಾಸ್ತಿಯಿದೆ, ನಿಲ್ಲಿಸುವುದು ಹೇಗೆಂದು ನಾನೇ ಯೋಚಿಸುತ್ತಿದ್ದೆ, ಆ ಕಂಬಗಳು ರೆಕ್ಕೆಗೆ ಬಡಿದು ವೇಗ ತಗ್ಗಿಸುತ್ತವೆ ಎಂಬ ಅರ್ಥದಲ್ಲಿ ಧೈರ್ಯ ಹೇಳಿದ. ಆ ಲೆಕ್ಕವನ್ನು ಪರೀಕ್ಷೆ ಮಾಡಲು ಹೋವರ್ಡ್‌ಗೆ ದಾರಿಯಿರಲಿಲ್ಲ, ನಂಬಿದ. ದೊಡ್ಡ ದರ್ಜೆಯವನು ತನಗೆ ತಿಳಿಯದ ವಿದ್ಯೆಯಲ್ಲಿ ಚಿಕ್ಕ ದರ್ಜೆಯವನ ಮಾತಿಗೆ ತಲೆಬಾಗುವುದು ಸೇನೆಯಲ್ಲಿ ಸುಲಭವಲ್ಲ. ಈ ಪೈಲಟ್‌ಗಳು ಹಗಲಿನಲ್ಲೇ ಕಪ್ಪು ಗಾಜಿನ ಕನ್ನಡಕ ಹಾಕಿ ಕತ್ತಲ ಹಾರಾಟ ಕಲಿತವರು. ದಿಕ್ಸೂಚಿ ಮತ್ತು ಸ್ಟಾಪ್‌ವಾಚ್ ಬಿಟ್ಟರೆ ಬೇರೆ ಕಣ್ಣಿಲ್ಲದೆ ಇಳಿಸಲು ತಿಂಗಳುಗಟ್ಟಲೆ ಪಳಗಿದವರು.

ಹವಾಮಾನ ಕೆಟ್ಟು ಒಂದು ದಿನ ತಡವಾಯಿತು. ಜೂನ್ 5ರ ರಾತ್ರಿ 10:56ಕ್ಕೆ ಹ್ಯಾಲಿಫ್ಯಾಕ್ಸ್ ಬಾಂಬರ್ ಮೊದಲ ಗ್ಲೈಡರನ್ನು ಹಗ್ಗ ಕಟ್ಟಿ ಎಳೆದುಕೊಂಡು ಮೇಲೇರಿತು. ಹೋವರ್ಡ್‌ನ ಜೇಬಿನಲ್ಲಿ ಅವನ ಎರಡು ವರ್ಷದೊಳಗಿನ ಮಗನ ಪುಟ್ಟ ಕೆಂಪು ಬೂಟು ಇತ್ತು. ಬ್ರದರಿಜ್‌ನ ಹೆಂಡತಿಗೆ ಎಂಟು ತಿಂಗಳು ತುಂಬಿತ್ತು. ತರಬೇತಿಯ ಪ್ರತಿ ಹಾರಾಟದಲ್ಲೂ ವಾಂತಿ ಮಾಡಿಕೊಳ್ಳುತ್ತಿದ್ದ ಹೋವರ್ಡ್‌ಗೆ ಆ ರಾತ್ರಿ ಹೊಟ್ಟೆ ತೊಳಸಲಿಲ್ಲ. ಹುಡುಗರು ಹಾಡಿಕೊಂಡೇ ಕಡಲು ದಾಟಿದರು.

ಫ್ರಾನ್ಸಿನ ತೀರದ ಮೇಲೆ, ಸುಮಾರು 6,000 ಅಡಿ ಎತ್ತರದಲ್ಲಿ ಹಗ್ಗ ಬಿಚ್ಚಿತು. ಹಾಡು ನಿಂತಿತು. ವಾಲ್‌ವರ್ಕ್ ಪಕ್ಕದಲ್ಲಿ ಜಾನ್ ಏನ್ಸ್‌ವರ್ತ್ ಸ್ಟಾಪ್‌ವಾಚ್ ಹಿಡಿದು ಸೆಕೆಂಡು ಎಣಿಸುತ್ತಾ ತಿರುವು ಹೇಳುತ್ತಿದ್ದ. ಒಳಗಿದ್ದವರು ತೋಳಿಗೆ ತೋಳು ಹೆಣೆದುಕೊಂಡು ಕಾಲೆತ್ತಿ ಕೂತರು. ಮಧ್ಯರಾತ್ರಿ ಕಳೆದು 16 ನಿಮಿಷಕ್ಕೆ ಗ್ಲೈಡರ್ ನೆಲಕ್ಕೆ ಬಡಿದು, ಕಿಡಿ ಹಾರಿಸುತ್ತಾ ಜಾರಿ, ಮುಳ್ಳುತಂತಿಗೆ ಮೂತಿ ತೂರಿಸಿ ನಿಂತಿತು. ಸೇತುವೆ ಅಲ್ಲಿಂದ ಐವತ್ತು ಗಜದೊಳಗೆ. ಗುಳಿ ತೋಡಿದ್ದ ಜರ್ಮನರು ಕಂಬಗಳನ್ನು ಇನ್ನೂ ನೆಟ್ಟಿರಲಿಲ್ಲ. ಇಬ್ಬರೂ ಪೈಲಟ್‌ಗಳು ಕಾಕ್‌ಪಿಟ್ ಒಡೆದು ಹೊರಗೆ ಎಸೆಯಲ್ಪಟ್ಟರು. ಮಿತ್ರಪಡೆಯ ವಾಯುದಳದ ಮುಖ್ಯಸ್ಥ ಲೀ ಮ್ಯಾಲರಿ ಯುದ್ಧದ ಅತ್ಯುತ್ತಮ ಹಾರಾಟಗಳಲ್ಲಿ ಒಂದೆಂದು ಮೆಚ್ಚಿದ್ದು ಈ ಕೆಲಸವನ್ನು.

ಹೋವರ್ಡ್‌ನ ತಲೆ ಚಾವಣಿಗೆ ಬಡಿದು ಹೆಲ್ಮೆಟ್ಟು ಕಣ್ಣಿನ ಮೇಲೆ ಸಿಕ್ಕಿಕೊಂಡಿತು. ಕಣ್ಣೇ ಹೋಯಿತೆಂದುಕೊಂಡ. ಅದನ್ನು ಮೇಲೆತ್ತಿ ನೋಡುವ ಹೊತ್ತಿಗೆ ಬ್ರದರಿಜ್‌ನ ಪ್ಲಟೂನು ಆಗಲೇ ಓಡುತ್ತಿತ್ತು. ಈ ಲೇಖನ ಬರೆಯುವಂತೆ ಮಾಡಿದ್ದು ಈ ಗಳಿಗೆಯೇ. ನಾಯಕನಿಗೆ ಏನೂ ಕಾಣದ, ಏನೂ ಹೇಳಲಾಗದ ಆ ಕೆಲವು ಸೆಕೆಂಡುಗಳಲ್ಲಿ ಅವನ ಎರಡು ವರ್ಷದ ನಾಯಕತ್ವವೆಲ್ಲ ಕೆಲಸ ಮಾಡಿತು. ಯಾರೂ ಆದೇಶಕ್ಕೆ ಕಾಯಲಿಲ್ಲ. ಇಬ್ಬರು ಬಂಕರಿನ ಕಿಂಡಿಯೊಳಗೆ ಗ್ರೆನೇಡ್ ತೂರಿಸಿದರು, ಉಳಿದವರು ಬ್ರದರಿಜ್‌ನ ಹಿಂದೆ ಸೇತುವೆಯ ಮೇಲೆ. ಕಾವಲಿನಲ್ಲಿ ಇಬ್ಬರು ಜರ್ಮನ್ ಹುಡುಗರಿದ್ದರು. ಗ್ಲೈಡರಿನ ಸದ್ದನ್ನು ಅವರು ಬಾಂಬರಿನಿಂದ ಕಳಚಿಬಿದ್ದ ತುಂಡೆಂದು ಭಾವಿಸಿದ್ದರು. ಒಬ್ಬ ಕೂಗುತ್ತಾ ಓಡಿದ, ಇನ್ನೊಬ್ಬ ಎಚ್ಚರಿಕೆಯ ಬಾಣ ಹಾರಿಸುತ್ತಿದ್ದಂತೆ ಗುಂಡು ತಿಂದು ಬಿದ್ದ. ಆಚೆ ದಡದ ಮೆಷಿನ್‌ಗನ್ ಶುರುವಾಯಿತು. ಬ್ರದರಿಜ್ ಅದರ ಕಡೆಗೆ ಗ್ರೆನೇಡ್ ಎಸೆದ, ಕುತ್ತಿಗೆಗೆ ಗುಂಡು ತಗಲಿ ಬಿದ್ದ. ಆ ದಿನ ಶತ್ರುವಿನ ಗುಂಡಿಗೆ ಸತ್ತ ಮೊದಲ ಮಿತ್ರಪಡೆಯ ಸೈನಿಕ ಅವನೇ ಎನ್ನುತ್ತಾರೆ. ಎರಡು ವಾರದ ಮೇಲೆ ಅವನ ಮಗಳು ಹುಟ್ಟಿದಳು.

ಅಷ್ಟರಲ್ಲಿ ಎರಡನೆಯ, ಮೂರನೆಯ ಗ್ಲೈಡರುಗಳೂ ಬಡಿದಿಳಿದಿದ್ದವು. ಮೂರನೆಯದು ಕೊಳದ ಅಂಚಿಗೆ ಬಿದ್ದು ಒಬ್ಬ ಲ್ಯಾನ್ಸ್ ಕಾರ್ಪೋರಲ್ ಮುಳುಗಿ ಸತ್ತ. ಎರಡನೆಯ ಪ್ಲಟೂನಿನ ಲೆಫ್ಟಿನೆಂಟ್ ಡೇವಿಡ್ ವುಡ್ ಈಚೆ ದಡದ ಕಂದಕಗಳನ್ನು ತೆರವು ಮಾಡಿ ತಿರುಗುವಷ್ಟರಲ್ಲಿ ಕಾಲಿಗೆ ಮೂರು ಗುಂಡು. ಮೂರನೆಯ ಪ್ಲಟೂನಿನ ಸ್ಯಾಂಡಿ ಸ್ಮಿತ್‌ಗೆ ಇಳಿಯುವಾಗಲೇ ಮಂಡಿಗೆ ಪೆಟ್ಟು, ಆಮೇಲೆ ಗ್ರೆನೇಡಿನಿಂದ ಮಣಿಕಟ್ಟು ಹರಿಯಿತು. ಆದರೂ ಅವನು ಕುಂಟುತ್ತಾ ನಿಂತ. ಹತ್ತು ನಿಮಿಷದೊಳಗೆ ಕಾಲುವೆಯ ಸೇತುವೆ ಕೈಗೆ ಬಂದಿತ್ತು, ಮೂವರು ಲೆಫ್ಟಿನೆಂಟರಲ್ಲಿ ಒಬ್ಬ ಸಾಯುತ್ತಿದ್ದ, ಇಬ್ಬರು ಗಾಯಾಳು. ಪ್ಲಟೂನುಗಳನ್ನು ಕಾರ್ಪೋರಲ್‌ಗಳು ಕೈಗೆತ್ತಿಕೊಂಡರು. ಯಾವ ಗೊಂದಲವೂ ಆಗಲಿಲ್ಲ. ಬೇರೆಯವರ ಕೆಲಸವನ್ನೂ ತಮ್ಮದೆಂದು ಕಲಿತವರಿಗೆ ಮೇಲಿನವನ ಕೆಲಸವೂ ಹೊಸದಾಗಿರಲಿಲ್ಲ. ಎಂಜಿನಿಯರುಗಳು ಸೇತುವೆಯ ಅಡಿಗೆ ಜೋತುಬಿದ್ದು ಹುಡುಕಿದರೆ ಸ್ಫೋಟಕವೇ ಇಲ್ಲ. ತಂತಿ, ಜಾಗ ಎಲ್ಲ ಸಿದ್ಧವಿದ್ದರೂ ಮದ್ದನ್ನು ಪಕ್ಕದ ಶೆಡ್ಡಿನಲ್ಲೇ ಇಟ್ಟಿದ್ದರು.

ನದಿಯ ಸೇತುವೆಯ ಕಥೆ ಚಿಕ್ಕದು. ಡೆನಿಸ್ ಫಾಕ್ಸ್‌ನ ಪ್ಲಟೂನು ಇಳಿದು ಓಡಿತು, ಅಲ್ಲಿದ್ದ ಮೆಷಿನ್‌ಗನ್ನಿನ ಮೇಲೆ ಸಣ್ಣ ಮಾರ್ಟರಿನ ಗುಂಡು ಬಿತ್ತು, ಕಾವಲಿನವರು ಓಡಿಹೋದರು. ಟಾಡ್ ಸ್ವೀನಿಯ ಪ್ಲಟೂನು ದೂರದಲ್ಲಿ ಇಳಿದು ಏದುಸಿರು ಬಿಡುತ್ತಾ ಬಂದಾಗ ಅಲ್ಲಿ ಹೋರಾಡಲು ಯಾರೂ ಇರಲಿಲ್ಲ. ಮೂರನೆಯ ಗ್ಲೈಡರ್ ಮಾತ್ರ ಬರಲೇ ಇಲ್ಲ. ಅದರ ಹಗ್ಗ ತಪ್ಪಾದ ಜಾಗದಲ್ಲಿ ಬಿಚ್ಚಿ, ಹಲವು ಮೈಲಿ ಪೂರ್ವದ ಡೀವ್ ನದಿಯ ಬಳಿ ಇಳಿದಿತ್ತು. ಅದರಲ್ಲಿದ್ದವರು ಎದುರಿಗೆ ಕಂಡ ಸೇತುವೆಯನ್ನೇ ಕಲಿತ ಪ್ರಕಾರ ನುಗ್ಗಿ ಹಿಡಿದರು, ತಮ್ಮದಲ್ಲವೆಂದು ಆಮೇಲೆ ತಿಳಿಯಿತು. ಉಪನಾಯಕ ಕ್ಯಾಪ್ಟನ್ ಬ್ರಯನ್ ಪ್ರೈಡೆ ಅವರನ್ನು ಶತ್ರುಗಳ ನಡುವೆಯೇ ಜವುಗುನೆಲ ದಾಟಿಸಿಕೊಂಡು ಬಂದು ಕಂಪನಿಗೆ ಸೇರಿಸಿದ.

ಎರಡೂ ಸೇತುವೆ ಇಡಿಯಾಗಿ ಸಿಕ್ಕಿದರೆ ಕಳುಹಿಸಬೇಕಾದ ಸಂಕೇತ ‘ಹ್ಯಾಮ್ ಅಂಡ್ ಜಾಮ್’. ರೇಡಿಯೋದವನು ಅದನ್ನು ಮತ್ತೆ ಮತ್ತೆ ಕೂಗಿದ, ಆಚೆಯಿಂದ ಉತ್ತರವಿಲ್ಲ. ಈಗ ಹೋವರ್ಡ್ ಎಂಬ ನಾಯಕನ ಎರಡನೆಯ ಕೆಲಸ ಶುರುವಾಯಿತು, ಇದು ಪೂರ್ತಿ ಆ ಗಳಿಗೆಯಲ್ಲೇ ತೀರ್ಮಾನಿಸಬೇಕಾದದ್ದು. ಹಿಡಿದದ್ದನ್ನು ಉಳಿಸಿಕೊಳ್ಳಬೇಕು. ಜರ್ಮನ್ ಕವಚ ವಾಹನಗಳು ಬಂದರೆ ಪಶ್ಚಿಮದ ಕಡೆಯಿಂದ, ಬೆನೂವಿಲ್‌ನ ರಸ್ತೆ ಕೂಡುವ ಜಾಗದ ಮೂಲಕ ಬರುತ್ತವೆ ಎಂದು ಲೆಕ್ಕ ಹಾಕಿದ. ಕಾಲುವೆಯ ಬಳಿಯ ಮೂರು ಪ್ಲಟೂನುಗಳು ಪೆಟ್ಟು ತಿಂದಿದ್ದವು. ನದಿಯ ಕಡೆ ಸದ್ದಿರಲಿಲ್ಲ. ಕೂಡಲೇ ಫಾಕ್ಸ್‌ನ ಪ್ಲಟೂನನ್ನು ಅಲ್ಲಿಂದ ಕಿತ್ತು ಆ ಕೂಡುರಸ್ತೆಗೆ ಕಳುಹಿಸಿದ. ಟ್ಯಾಂಕ್ ಹೊಡೆಯಲು ಕಂಪನಿಯ ಬಳಿ ಇದ್ದದ್ದು ಪಿಯಾಟ್ ಎಂಬ ಸ್ಪ್ರಿಂಗಿನ ಆಯುಧ. ಗ್ಲೈಡರುಗಳು ಬಡಿದಿಳಿದ ಮೇಲೆ ಕೆಲಸ ಮಾಡುವ ಸ್ಥಿತಿಯಲ್ಲಿ ಉಳಿದದ್ದು ಒಂದೇ. ಐವತ್ತು ಗಜಕ್ಕಿಂತ ದೂರಕ್ಕೆ ಅದನ್ನು ನಂಬುವಂತಿಲ್ಲ. ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಟ್ಯಾಂಕ್ ನಿಮ್ಮ ಮೇಲೇ ಇರುತ್ತದೆ.

ಅದು ಸಾರ್ಜೆಂಟ್ ಥಾರ್ನ್‌ಟನ್ ಕೈಯಲ್ಲಿತ್ತು. ವಾಹನಗಳು ಗುರುಗುಟ್ಟುತ್ತಾ ಬಂದವು. ಥಾರ್ನ್‌ಟನ್ ಕಾದ, ಇನ್ನೂ ಕಾದ, ಹತ್ತಿರಕ್ಕೆ ಬಿಟ್ಟುಕೊಂಡು ಮೊದಲನೆಯದರ ನಡುಮಧ್ಯಕ್ಕೆ ಹೊಡೆದ. ಒಳಗಿನ ಮದ್ದುಗುಂಡು ಒಂದೊಂದಾಗಿ ಸಿಡಿಯತೊಡಗಿ ಗಂಟೆಗೂ ಹೆಚ್ಚು ಕಾಲ ಆಕಾಶವೆಲ್ಲ ಬೆಳಕು. ಹಿಂದಿದ್ದವು ಮರಳಿದವು, ಇಲ್ಲಿ ಭಾರಿ ಪಡೆಯೇ ಕೂತಿದೆ ಎಂದು ಜರ್ಮನರು ನಂಬಿದರು. ದಿಕ್ಕು ತಪ್ಪಿ ಅಲೆಯುತ್ತಿದ್ದ ಬ್ರಿಟಿಷ್ ಪ್ಯಾರಾಟ್ರೂಪರುಗಳಿಗೂ ಆ ಬೆಂಕಿ ದಾರಿ ತೋರಿಸಿತು. ಹೋವರ್ಡ್ ಸುಮ್ಮನೆ ಕೂತಿರಲಿಲ್ಲ. ಸೇತುವೆಯ ಬಳಿ ನಿಂತು ಸೀಟಿ ಊದುತ್ತಿದ್ದ: ಮೂರು ಗಿಡ್ಡ, ಒಂದು ಉದ್ದ, ಮೋರ್ಸ್ ಸಂಕೇತದ ‘ವಿ’. ಎಲ್ಲೆಲ್ಲೋ ಬಿದ್ದ ಪ್ಯಾರಾಟ್ರೂಪರುಗಳು ಆ ಸದ್ದಿನ ಕಡೆಗೆ ನಡೆದರು. ಲೆಫ್ಟಿನೆಂಟ್ ಕರ್ನಲ್ ಪೈನ್ ಕಾಫಿನ್ ತಮ್ಮ 7ನೇ ಪ್ಯಾರಾ ಬೆಟಾಲಿಯನ್ನಿನಲ್ಲಿ ಸಿಕ್ಕಷ್ಟು ಜನರನ್ನು ಕಟ್ಟಿಕೊಂಡು ಬೆಳಗಿಗೆ ಮುಂಚೆ ಬಂದು ಸೇರಿದರು.

ಎದುರಾಳಿ ಪಾಳೆಯದಲ್ಲಿ ಏನಾಗುತ್ತಿತ್ತು ಎಂಬುದನ್ನು ಹೇಳದೆ ಈ ರಾತ್ರಿ ಅರ್ಥವಾಗುವುದಿಲ್ಲ. ಕೆಲವೇ ಮೈಲಿ ದೂರದಲ್ಲಿ 21ನೇ ಪ್ಯಾಂಜರ್ ಡಿವಿಜನ್ ಇತ್ತು. ಅದರ ಒಂದು ರೆಜಿಮೆಂಟಿನ ನಾಯಕ ಹಾನ್ಸ್ ಫಾನ್ ಲುಕ್, ಪೋಲೆಂಡಿನಿಂದ ಆಫ್ರಿಕಾದವರೆಗೆ ಹೋರಾಡಿದ ಅನುಭವಸ್ಥ. ಅವನಿಗೆ ಏನು ಮಾಡಬೇಕೆಂದು ಸ್ಪಷ್ಟವಾಗಿ ಗೊತ್ತಿತ್ತು: ಈಗಲೇ ಸೇತುವೆಗಳ ಕಡೆ ನುಗ್ಗಬೇಕು. ಆದರೆ ಮೇಲಿನ ಅಪ್ಪಣೆಯಿಲ್ಲದೆ ಕದಲಬಾರದೆಂದು ಕಟ್ಟಪ್ಪಣೆ. ಅವನ ಡಿವಿಜನ್ ಕಮಾಂಡರ್ ಪ್ಯಾರಿಸ್ಸಿನಲ್ಲಿದ್ದ, ಆ ತೀರದ ರಕ್ಷಣೆಯ ಹೊಣೆ ಹೊತ್ತಿದ್ದ ಫೀಲ್ಡ್ ಮಾರ್ಷಲ್ ರೊಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆ ಜರ್ಮನಿಗೆ ಹೋಗಿದ್ದ. ಫಾನ್ ಲುಕ್ ಎಂಜಿನ್ ಬಿಸಿಮಾಡಿಕೊಂಡು ಫೋನಿನ ಮುಂದೆ ಕೂತ. ಕಿರಿಯ ಅಧಿಕಾರಿ ತನ್ನ ಬುದ್ಧಿಯಿಂದ ತೀರ್ಮಾನಿಸಬೇಕೆಂದು ತಲೆಮಾರುಗಳಿಂದ ಕಲಿಸಿದ ಸೇನೆ ಅದು; ಎಬೆನ್ ಎಮಾಯೆಲ್‌ನಲ್ಲಿ ಒಬ್ಬ ಸಾರ್ಜೆಂಟ್ ಗೆದ್ದದ್ದು ಆ ಶಿಕ್ಷಣದಿಂದ. ನಾಲ್ಕು ವರ್ಷದಲ್ಲಿ ಹಿಟ್ಲರನ ಸಂಶಯ ಆ ಗುಣವನ್ನು ತಿಂದುಹಾಕಿತ್ತು. ಬೆನೂವಿಲ್‌ನಲ್ಲಿ ಕಾರ್ಪೋರಲ್‌ಗಳು ಪ್ಲಟೂನು ನಡೆಸುತ್ತಿದ್ದ ಹೊತ್ತಿನಲ್ಲಿ, ಒಂದು ರೆಜಿಮೆಂಟಿನ ನಾಯಕನಿಗೆ ತನ್ನ ಟ್ರಕ್ಕುಗಳನ್ನು ಹೊರಡಿಸುವ ಅಧಿಕಾರ ಇರಲಿಲ್ಲ.

ಬೆಳಗಾದ ಮೇಲೆ ಹೊಸ ಕಾಟಗಳು. ಮರೆಯಿಂದ ಹೊಡೆಯುವ ಬಂದೂಕುಗಾರರು, ಕಾಲುವೆಯಲ್ಲಿ ಬಂದ ಜರ್ಮನ್ ಗನ್‌ಬೋಟುಗಳು. ಒಂದನ್ನು ಪಿಯಾಟಿನಿಂದ ಹೊಡೆದು ಹಿಡಿದರು. ಒಂದು ವಿಮಾನ ಎಸೆದ ಬಾಂಬು ನೇರ ಸೇತುವೆಗೆ ಬಡಿದು, ಸಿಡಿಯದೆ ನೀರಿಗೆ ಉರುಳಿತು. ವಾಲಿ ಪಾರ್ ಎಂಬ ಸಿಪಾಯಿ ಸಿಕ್ಕ ಜರ್ಮನ್ ಫಿರಂಗಿಯನ್ನು ನಡೆಸಲು ತಾನೇ ಕಲಿತು ಕಂಡಕಂಡ ಕಡೆ ಹೊಡೆಯತೊಡಗಿದ. ಗುಂಡುಗಳು ಬೆನೂವಿಲ್‌ನ ದೊಡ್ಡ ಬಂಗಲೆಗೆ ಬೀಳುತ್ತಿದ್ದವು. ಅದು ಹೆರಿಗೆ ಆಸ್ಪತ್ರೆ ಎಂದು ಹೋವರ್ಡ್ ಓಡಿಬಂದು ನಿಲ್ಲಿಸಿದ. ಪಾರ್‌ನಂಥವನ ಉತ್ಸಾಹವನ್ನು ಎರಡು ವರ್ಷ ಬೆಳೆಸಿದವನೂ ಅವನೇ, ಬೇಕಾದಾಗ ಹಿಡಿದು ನಿಲ್ಲಿಸಿದವನೂ ಅವನೇ. ಗಾಂಡ್ರೆ ದಂಪತಿ ನೆಲಮಾಳಿಗೆಯಿಂದ ಬಂದು, ಮಸಿ ಬಳಿದ ಮುಖಗಳಿಗೆ ಮುತ್ತಿಟ್ಟು, ನಾಲ್ಕು ವರ್ಷದಿಂದ ತೋಟದಲ್ಲಿ ಹೂತಿಟ್ಟಿದ್ದ ಷಾಂಪೇನ್ ಬಾಟಲಿಗಳನ್ನು ಅಗೆದು ತೆಗೆದರು. ಮಧ್ಯಾಹ್ನ ತೀರದ ಕಡೆಯಿಂದ ಬ್ಯಾಗ್‌ಪೈಪಿನ ದನಿ ಕೇಳಿಸಿತು: ಲಾರ್ಡ್ ಲೋವಟ್‌ನ ಕಮಾಂಡೊಗಳು ಬಂದಿದ್ದರು. ಆ ರಾತ್ರಿ ಡಿ ಕಂಪನಿ ಸೇತುವೆಗಳನ್ನು ಬೇರೆಯವರಿಗೆ ಒಪ್ಪಿಸಿ ರಾನ್‌ವಿಲ್ ಕಡೆ ನಡೆಯಿತು. ಬ್ರಿಟಿಷ್ ಏರ್‌ಬೋರ್ನ್ ಪಡೆಯ ತೋಳಪಟ್ಟಿಯ ರೆಕ್ಕೆ ಕುದುರೆಯ ಹೆಸರಿನಿಂದ ಕಾಲುವೆಯ ಸೇತುವೆಗೆ ಆಮೇಲೆ ಪೆಗಾಸಸ್ ಸೇತುವೆ ಎಂಬ ಹೆಸರು ಬಂತು.

ಬಹಳಷ್ಟು ಬರಹಗಳು ಇಲ್ಲಿಗೆ ಮುಗಿಯುತ್ತವೆ. ನನಗೆ ಇಲ್ಲಿ ನಿಲ್ಲಿಸಲು ಮನಸ್ಸಿಲ್ಲ. ಮರುದಿನ, ಜೂನ್ 7ರಂದು, ಅದೇ ಕಂಪನಿಯನ್ನು ಎಸ್ಕೊವಿಲ್ ಎಂಬ ಹಳ್ಳಿ ಹಿಡಿಯಲು ಕಳುಹಿಸಿದರು. ಹಗಲು, ಬಯಲು, ಎದುರಿಗೆ 21ನೇ ಪ್ಯಾಂಜರಿನ ಟ್ಯಾಂಕುಗಳು ಮತ್ತು ವಾಹನದ ಮೇಲೆ ಕೂರಿಸಿದ ಫಿರಂಗಿಗಳು. ಇಡೀ ಸೇತುವೆ ದಾಳಿಯಲ್ಲಿ ಸತ್ತವರು ಇಬ್ಬರು. ಎಸ್ಕೊವಿಲ್‌ನ ಒಂದು ದಿನದಲ್ಲಿ ಹೋವರ್ಡ್‌ನ ಬಳಿ ಇದ್ದ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಅಲ್ಲಿ ಕತ್ತಲ ತರಬೇತಿ ನೆರವಿಗೆ ಬರಲಿಲ್ಲ, ಅಚ್ಚರಿಗೆ ಅವಕಾಶವಿರಲಿಲ್ಲ, ಟ್ಯಾಂಕಿಗೆ ಎದುರಾಗಿ ಆಯುಧವಿರಲಿಲ್ಲ. ಒಂದು ಅಪೂರ್ವ ಕೆಲಸಕ್ಕೆ ಎರಡು ವರ್ಷ ಹದಗೊಳಿಸಿದ ತಂಡವನ್ನು ಸಾಮಾನ್ಯ ಕಾಲಾಳು ಪಡೆಯಂತೆ ತಿಂಗಳುಗಟ್ಟಲೆ ಕಂದಕದಲ್ಲಿ ಸವೆಸಿದ್ದು ದೊಡ್ಡ ತಪ್ಪೆಂದು ನಾನು ನಂಬುತ್ತೇನೆ. ಸೆಪ್ಟೆಂಬರ್ ಮೊದಲ ವಾರ ಇಂಗ್ಲೆಂಡಿಗೆ ಮರಳಿದಾಗ, ಗ್ಲೈಡರ್ ಹತ್ತಿದ್ದ 181 ಜನರಲ್ಲಿ ಉಳಿದಿದ್ದವರು ಸುಮಾರು 40. ಚಿಕ್ಕ ತಂಡವನ್ನು ಮುನ್ನಡೆಸುವವನು ಎಷ್ಟೇ ಸಮರ್ಥನಿರಲಿ, ಅದನ್ನು ಎಲ್ಲಿ ಬಳಸಬೇಕೆಂದು ತೀರ್ಮಾನಿಸುವವರು ಬೇರೆ ಎಲ್ಲೋ ಕೂತಿರುತ್ತಾರೆ. ಹೋವರ್ಡ್ ಮತ್ತೆ ಕಂಪನಿಯನ್ನು ಕಟ್ಟಲು ಶುರುಮಾಡಿದ. ಹೊಸಬರು ಬಂದರು, ಓಟ, ರಾತ್ರಿ ತಾಲೀಮು ಎಲ್ಲ ಮತ್ತೆ ಮೊದಲಿನಿಂದ. ನವೆಂಬರಿನಲ್ಲಿ ರಸ್ತೆ ಅಪಘಾತದಲ್ಲಿ ಕಾಲುಗಳು ಮುರಿದವು, ತಿಂಗಳುಗಟ್ಟಲೆ ಆಸ್ಪತ್ರೆ. ಅವನು ಮತ್ತೆ ಯುದ್ಧಕ್ಕೆ ಹೋಗಲಿಲ್ಲ. ಸೇನೆ ಬಿಟ್ಟು, ಕೃಷಿ ಇಲಾಖೆಯ ನೌಕರನಾಗಿ, 1974ರಲ್ಲಿ ನಿವೃತ್ತನಾದ.

ನಿವೃತ್ತಿಯ ಮೇಲೆ ಯುರೋಪಿನ ಸೇನಾ ಕಾಲೇಜುಗಳು ಅವನನ್ನು ಹುಡುಕಿಕೊಂಡು ಬಂದವು. ಸ್ವೀಡನ್ನಿನ ಅಧಿಕಾರಿಗಳನ್ನು ನಾರ್ಮಂಡಿಗೆ ಕರೆತಂದು ಸೇತುವೆಯ ಮೇಲೇ ಪಾಠ ಮಾಡಿಸುತ್ತಿದ್ದರು. ಬ್ರಿಟಿಷ್ ಕಡೆಯ ಪಾಠ ಹೋವರ್ಡ್‌ನದು, ಜರ್ಮನ್ ಕಡೆಯದ್ದು ಹಾನ್ಸ್ ಫಾನ್ ಲುಕ್‌ನದು. ಆ ರಾತ್ರಿ ಒಬ್ಬರನ್ನೊಬ್ಬರು ನೋಡದೆ ಎದುರುಬದುರಾಗಿದ್ದ ಇಬ್ಬರೂ ಮುದುಕರಾಗಿ ಗಾಢ ಸ್ನೇಹಿತರಾದರು. ಪಾಠ ಮುಗಿದ ಮೇಲೆ ಗಾಂಡ್ರೆ ಕೆಫೆಗೆ ಹೋಗುವುದೇ ಒಂದು ತೊಡಕಾಗಿತ್ತು. ತೆರೇಸ್ ಗಾಂಡ್ರೆಗೆ ಜರ್ಮನರೆಂದರೆ ಕೊನೆಯವರೆಗೂ ಆಗುತ್ತಿರಲಿಲ್ಲ. ಹೋವರ್ಡ್ ಫಾನ್ ಲುಕ್‌ನನ್ನು ಸ್ವೀಡನ್ನಿನವನೆಂದು ಪರಿಚಯಿಸಿ ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳುತ್ತಿದ್ದ.